ಅಂಗೈಯಲ್ಲಿ ಕಲಿತ ಲ್ಯಾಟಿನ್

ಜೇವರ್ಗಿಯಲ್ಲಿ ವಿಜಯಪುರದ ರಸ್ತೆಗೆ ಮುಖ ಮಾಡಿರುವ ಒಂದು ರೊಟ್ಟಿ ಕೇಂದ್ರವಿದೆ. ಅದನ್ನು ನಡೆಸುವ ಶರಣಬಸಮ್ಮನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಎರಡು ಸಂಗತಿ ಒಟ್ಟಿಗೆ ಅಂಟಿಕೊಂಡವು. ಒಂದು ಬಿ.ಪಿ., ಇನ್ನೊಂದು ಲ್ಯಾಟಿನ್. ಮೊದಲನೆಯದು ಗುಳಿಗೆಯಿಂದ ಹತೋಟಿಗೆ ಬಂತು. ಎರಡನೆಯದಕ್ಕೆ ಇಂದಿಗೂ ಮದ್ದು ಸಿಕ್ಕಿಲ್ಲ, ಹುಡುಕುವ ಇರಾದೆ ಅವಳಿಗೂ ಇಲ್ಲ.

ನಡೆದದ್ದು ಇಷ್ಟು. ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಅವಳು ಪಕ್ಕದ ಅಲ್ತಾಫನ ಮೆಡಿಕಲ್ ಅಂಗಡಿಗೆ ಹೋದಳು. ಗುಳಿಗೆಯ ಹೆಸರಿನ ಮುಂದೆ ಎರಡು ಇಂಗ್ಲಿಷ್ ಅಕ್ಷರಗಳಿದ್ದವು. ಹಿಂದೆಯೂ ನೂರು ಚೀಟಿಯಲ್ಲಿ ನೋಡಿದ್ದ ಅಕ್ಷರಗಳೇ, ಅವತ್ತು ಯಾಕೋ ಕಣ್ಣಿಗೆ ಚುಚ್ಚಿದವು.

"ಏನಪಾ ಅಲ್ತಾಫ, ಬಿ.ಡಿ. ಅಂತ ಬರದಾರಲ್ಲ, ಏನಿದು?"

"ದಿನಕ್ಕ ಎರಡು ಸಲ ತೊಗೋರಿ ಅಂತ, ಅಕ್ಕಾ. ಲ್ಯಾಟಿನ್ ಭಾಷಾದಾಗ ಬಿಸ್ ಇನ್ ದಿಎ ಅಂತಾರ. ಓದುವಾಗ ಬಾಯಿಪಾಠ ಮಾಡಿದ್ದೆ. ಇಪ್ಪತ್ತು ವರ್ಷ ಆತು ಅಂಗಡಿ ಇಟ್ಟು, ಇವತ್ತಿನ ತನಕ ಒಬ್ರೂ ಕೇಳಿಲ್ಲ ನೋಡ್ರಿ."

"ದಿನಕ್ಕ ಏನಂತಾರ ಆ ಭಾಷಾದಾಗ?"

ಅಲ್ತಾಫ ಮೊಬೈಲ್ ತೆಗೆದು ಹುಡುಕಿ ಹೇಳಿದ: "ದಿಎಸ್."

"ಮತ್ತ ಇಲ್ಲಿ ಬರೇ ದಿಎ ಅದ. ಬಾಲ ಎಲ್ಲಿ ಹೋತು?"

ಅಲ್ತಾಫನಿಗೆ ಬಾಲ ಎಲ್ಲಿ ಹೋಯಿತೆಂದು ಗೊತ್ತಿರಲಿಲ್ಲ. ಶರಣಬಸಮ್ಮನಿಗೆ ಗೊತ್ತಿತ್ತು. ಗುಳಿಗೆ ಕೌಂಟರಿನ ಮೇಲೆಯೇ ಬಿಟ್ಟು ಅವಳು ಕೂಗಿದಳು: "ಏ, ದಿನ ಅಂತಿದ್ದದ್ದು ದಿನದಾಗ ಅಂತ ಆಗ್ಯಾದ! ಇದು ವಿಭಕ್ತಿ ಪ್ರತ್ಯಯಪಾ! ಅವ್ರಿಗೂ ಅದಾವು!"

ಆ ಕೂಗಿನ ಹಿಂದೆ ನಲವತ್ತು ವರ್ಷದ ಹಸಿವಿತ್ತು. ಶರಣಬಸಮ್ಮ ಆಳಂದ ತಾಲೂಕಿನ ಮಟಕಿಯ ಹುಡುಗಿ. ಏಳನೆಯ ಇಯತ್ತೆಯವರೆಗೆ ಓದಿದಳು, ವ್ಯಾಕರಣದಲ್ಲಿ ಅವಳನ್ನು ಮೀರಿಸುವವರು ಇಡೀ ಶಾಲೆಯಲ್ಲಿರಲಿಲ್ಲ. ಉ, ಅನ್ನು, ಇಂದ, ಗೆ, ಕೆ ಎಂದು ಮಾಸ್ತರರು ಶುರು ಮಾಡಿದರೆ ಅವಳು ದೆಸೆಯಿಂದ, ಅ, ಅಲ್ಲಿ, ಒಳು ಎಂದು ಮುಗಿಸಿ ಅವರ ಮುಖ ನೋಡುತ್ತಿದ್ದಳು. ಮುಂದಿನ ಶಾಲೆ ದೂರವಿತ್ತು, ಹೆಣ್ಣುಮಗಳನ್ನು ಕಳಿಸುವ ಮಾತು ಮನೆಯಲ್ಲಿ ಏಳಲೇ ಇಲ್ಲ. ಅಲ್ಲಿಂದೀಚೆಗೆ ಅವಳನ್ನು ಎಷ್ಟೋ ಜನ ಏನೇನೋ ಕೇಳಿದ್ದಾರೆ. ರೊಟ್ಟಿ ಎಷ್ಟು ಬೇಕು, ಶೇಂಗಾ ಹಿಂಡಿ ಅದ ಏನು, ನೀರು ಬಂತೇನು. ಉತ್ತರ ಯೋಚಿಸಿ ಹೇಳಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ನನಗೆ ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಅವಳಿಗೆ ಬರುವುದಿಲ್ಲ, ಸಿಟ್ಟಿಗೆ ಪುರಸೊತ್ತಿಲ್ಲ.

ಮರುದಿನ ಅಲ್ತಾಫ ಅಂಗಡಿ ತೆರೆಯುವ ಮೊದಲೇ ರೊಟ್ಟಿ ಕೇಂದ್ರಕ್ಕೆ ಓಡಿ ಬಂದ. ಅವನಿಗೂ ಹುರುಪು ಹತ್ತಿತ್ತು. "ಅಕ್ಕಾ, ಸಿಕ್ರು! ಕನ್ನಡದಾಗೇ ಲ್ಯಾಟಿನ್ ಕಲಸ್ತಾರಂತ!"

ಮಂಗಳೂರಿನ ಕಡೆಯ ನಿವೃತ್ತ ಫಾದರ್ ಒಬ್ಬರು. ವಯಸ್ಸು ಎಪ್ಪತ್ತೆಂಟು. ಪ್ರತಿ ರವಿವಾರ ಒಂದು ತಾಸು ಮೊಬೈಲಿನಲ್ಲಿ ಪುಕ್ಕಟೆ ಪಾಠ. ಆದರೆ ಕಟ್ಟುನಿಟ್ಟಿನ ಮನುಷ್ಯ. ಮೊದಲ ಹಂತ ಹದಿನಾರು ವಾರ, ನಾಮಪದ, ಕ್ರಿಯಾಪದಗಳ ಬುನಾದಿ. ಕೊನೆಗೆ ಬಾಯಿಮಾತಿನ ಪರೀಕ್ಷೆ, ಇಪ್ಪತ್ತು ಪ್ರಶ್ನೆ. ಹದಿನೈದು ಸರಿಯಾದವರಿಗೆ ಮಾತ್ರ ಎರಡನೆಯ ಹಂತ. ತಪ್ಪಿದವರಿಗೆ ಮತ್ತೊಂದು ಅವಕಾಶ ಇಲ್ಲ. ಅದನ್ನವರು ಮೊದಲ ದಿನವೇ ಹೇಳಿಬಿಟ್ಟರು: "ನನಗೆ ವಯಸ್ಸಾಯಿತು. ಇದ್ದಷ್ಟು ಉಸಿರಿನಲ್ಲಿ ಮುಂದೆ ಹೋಗುವವರ ಜೊತೆ ಮುಂದೆ ಹೋಗ್ತೇನೆ. ಹಿಂದೆ ತಿರುಗುವಷ್ಟು ಉಳಿದಿಲ್ಲ."

ಇಪ್ಪತ್ತಾರು ಜನ ಸೇರಿದ್ದರು. ವಕೀಲರು, ಡಾಕ್ಟರಿಕೆ ಓದುವವರು, ಗಿಡಮೂಲಿಕೆಯ ಹೆಸರು ಕಲಿಯುವವರು. ನೀವು ಯಾರು ಎಂದು ಫಾದರ್ ಕೇಳಿದಾಗ ಇವಳು ಹಿಟ್ಟಿನ ಕೈ ಜೋಡಿಸಿ, "ರೊಟ್ಟಿ ಬಡೀತೇನ್ರಿ" ಎಂದಳು. ಯಾರೋ ನಕ್ಕದ್ದು ಕೇಳಿಸಿತು. ಫಾದರ್ ನಗಲಿಲ್ಲ.

ಮೊದಲ ಪಾಠ ನಾಮಪದ. ತೆರ್ರ ಎಂದರೆ ನೆಲ. ಅದರ ಬಾಲ ಬದಲಿಸುತ್ತ ಹೋದರೆ ನೆಲದ, ನೆಲಕ್ಕೆ, ನೆಲವನ್ನು, ನೆಲದಿಂದ. ಬಾಕಿ ಇಪ್ಪತ್ತೈದು ಜನ ಇದೇನು ಹೊಸ ಕಷ್ಟ ಎಂದು ಹಣೆ ಉಜ್ಜಿಕೊಂಡರೆ ಶರಣಬಸಮ್ಮ ಮಾತ್ರ ತವರಿನವರು ಸಿಕ್ಕಂತೆ ಅರಳಿ ಕೂತಳು. ಮೂರನೆಯ ವಾರ ಕ್ರಿಯಾಪದ ಬಂತು. ಲಬೊರೊ, ದುಡಿಯುತ್ತೇನೆ. ನಾನು ಎಂದು ಬೇರೆ ಹೇಳುವುದೇ ಬೇಡ, ಅದು ಬಾಲದಲ್ಲೇ ಕೂತಿದೆ ಎಂದು ಫಾದರ್ ವಿವರಿಸಿದರು. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

"ನಮ್ದೂ ಹಂಗೇ ಅಲ್ರಿ ಫಾದರ್! ದುಡೀತೇನಿ, ದುಡೀತಿ, ದುಡೀತಾನ, ದುಡೀತೇವಿ, ದುಡೀತೀರಿ, ದುಡೀತಾರ. ಆರಕ್ಕ ಆರು ಕೂಡ್ತು ನೋಡ್ರಿ!"

"ಕೂಡಿತು ಅಮ್ಮಾ," ಎಂದರು ಫಾದರ್. ಅವರ ದನಿಯಲ್ಲೂ ಏನೋ ಏರಿತ್ತು.

ತಿಳಿಯುವುದು ಸುಲಭವಾಯಿತು, ಬಾಯಿಗೆ ಕೂರಿಸುವುದು ಆಗಲಿಲ್ಲ. ಪುಸ್ತಕ ಹಿಡಿಯಲು ಅವಳಿಗೆ ಕೈ ಬಿಡುವೇ ಇಲ್ಲ. ಬೆಳಗಿನ ಆರರಿಂದ ಎರಡೂ ಕೈ ಜೋಳದ ಹಿಟ್ಟಿನಲ್ಲಿ. ಹಾಗಾಗಿ ಅವಳು ಕೈಗೇ ಕಲಿಸಿದಳು. ಉಂಡೆಯನ್ನು ಬಂಡೆಯ ಮೇಲಿಟ್ಟು ಬಡಿಯುವಾಗ ಒಂದೊಂದು ಬಡಿತಕ್ಕೆ ಒಂದೊಂದು ರೂಪ. ತೆರ್ರ, ತೆರ್ರೆ, ತೆರ್ರೆ, ತೆರ್ರಂ, ತೆರ್ರಾ. ರೊಟ್ಟಿ ಅರ್ಧ ಅಗಲವಾಯಿತು. ತೆರ್ರೆ, ತೆರ್ರಾರುಂ, ತೆರ್ರಿಸ್, ತೆರ್ರಾಸ್, ತೆರ್ರಿಸ್. ರೊಟ್ಟಿ ಹಂಚಿಗೆ ಬಿತ್ತು. ಕ್ರಿಯಾಪದವಾದರೆ ಆರು ಬಡಿತ, ಒಂದು ತಿರುವು. ಒಂದು ಬುಟ್ಟಿ ರೊಟ್ಟಿ ಮುಗಿಯುವಷ್ಟರಲ್ಲಿ ಅಂಗೈಗೆ ಪಾಠ ಬಂದಿರುತ್ತಿತ್ತು.

ಕೇಂದ್ರದಲ್ಲಿ ಅವಳ ಜೊತೆ ಆರು ಮಂದಿ ಹೆಂಗಸರು ಕೂತು ಬಡಿಯುತ್ತಾರೆ. ಎಲ್ಲರಿಗಿಂತ ಹಿರಿಯಳು ಗಂಗಾಬಾಯಿ, ಅಕ್ಷರ ಗೊತ್ತಿಲ್ಲದವಳು, ಬಾಯಿ ಮಾತ್ರ ಹರಿತ. ಎಲ್ಲರಿಗಿಂತ ತೆಳ್ಳಗೆ ಬಡಿಯುವವಳು ನಜಮುನ್ನಿಸಾ.

"ಏನ್ ಬೇ ಶರಣಿ, ಮಂತ್ರಾ ಹಾಕಾಕತ್ತಿ ಏನು ರೊಟ್ಟಿಗೆ?" ಎಂದು ಗಂಗಾಬಾಯಿ ಮೊದಲ ವಾರ ಕಾಡಿದಳು.

"ಲ್ಯಾಟಿನ್ ಅದಬೇ ಅಕ್ಕಾ. ಕಲಿಯಾಕತ್ತೇನಿ."

"ಯಾಕ? ಆ ಮಂದಿಗೆ ರೊಟ್ಟಿ ಮಾರಬೇಕಾಗ್ಯಾದೇನು?"

"ಆ ಭಾಷಾ ಆಡೂ ಮಂದಿ ಈಗ ಇಲ್ಲಂತಬೇ."

ಗಂಗಾಬಾಯಿ ಹಿಟ್ಟಿನ ಕೈ ಹಣೆಗೆ ಬಡಿದುಕೊಂಡಳು. ಆಡುವವರೇ ಇಲ್ಲದ ಭಾಷೆ! ಬರುವ ಗಿರಾಕಿಗಳೂ ಇದನ್ನೇ ಕೇಳುತ್ತಿದ್ದರು, ಇದರಿಂದ ಏನು ಫಾಯದೆ ಎಂದು. ದಿನಕ್ಕೆ ನಾಲ್ಕು ತಾಸು ಮೊಬೈಲಿನಲ್ಲಿ ಕಂಡವರ ಮದುವೆ ನೋಡುವ ಜನ ಇವಳನ್ನು ಫಾಯದೆ ಕೇಳಿದರು! ಶರಣಬಸಮ್ಮ ಮಾತ್ರ ಚೊಕ್ಕ ಉತ್ತರ ಕೊಡುತ್ತಿದ್ದಳು: "ಖುಷಿ ಆಗ್ತದ್ರಿ, ಮತ್ತೇನು?" ಬಡಿತ ಮಾತ್ರ ಸಾಂಕ್ರಾಮಿಕ. ತಿಂಗಳೊಪ್ಪತ್ತಿನಲ್ಲಿ ಆರೂ ಮಂದಿಯ ಕೈ ಅದೇ ತಾಳಕ್ಕೆ ಬಿದ್ದಿತ್ತು. ನಜಮುನ್ನಿಸಾ ತೆರ್ರಾರುಂ ಎನ್ನುವಲ್ಲಿ ರೊಟ್ಟಿಯನ್ನು ಗಾಳಿಯಲ್ಲಿ ತಿರುಗಿಸುವುದನ್ನು ನೋಡಲು ಟಂಟಂ ಚಾಲಕರು ಬಾಗಿಲಲ್ಲಿ ನಿಲ್ಲುತ್ತಿದ್ದರು.

ದೊಮಿನುಸ್ ಬಂದ ವಾರವಂತೂ ನಗುವೇ ನಗು. ದೊಮಿನುಸ್ ಎಂದರೆ ಯಜಮಾನ. ಕರೆಯುವಾಗ ದೊಮಿನೆ ಎನ್ನಬೇಕು. ಶರಣಬಸಮ್ಮನ ಗಂಡ ಮಲ್ಕಪ್ಪ ಟಂಟಂನಲ್ಲಿ ರೊಟ್ಟಿ ಹಾಕಿಕೊಂಡು ಊರೂರಿಗೆ ಮುಟ್ಟಿಸುತ್ತಾನೆ. ಗಂಡನ ಹೆಸರು ಹಿಡಿದು ಕರೆಯುವ ರೂಢಿ ಅವರಲ್ಲಿಲ್ಲ. ಮೂವತ್ತು ವರ್ಷದಿಂದ "ಏನ್ರಿ", "ಇಲ್ಲಿ ಕೇಳ್ರಿ" ಎಂದೇ ಸಂಸಾರ ಸಾಗಿತ್ತು. ಅವತ್ತು ತುಂಬಿದ ರಸ್ತೆಯಲ್ಲಿ ಅವಳು, "ದೊಮಿನೆ, ಅಫಜಲಪುರದ ಬುಟ್ಟಿ ಮರ್ತ್ರಿ!" ಎಂದು ಕೂಗಿದಳು. ಮಲ್ಕಪ್ಪ ತಿರುಗಿ ನೋಡಿದ, ಬೈಗುಳವೋ ಬಿರುದೋ ಎಂದು ಸ್ವಲ್ಪ ಹೊತ್ತು ತೂಗಿದ. ಅರ್ಥ ಗೊತ್ತಾದ ಮೇಲೆ ಅವನಿಗೆ ಬೇರೆ ಹೆಸರಿನಿಂದ ಕರೆದರೆ ಕಿವಿ ಕೇಳಿಸದಂತಾಯಿತು.

ಎಲ್ಲವೂ ಸರಾಗ ಎನ್ನುವಂತಿರಲಿಲ್ಲ. ಒಂದು ರವಿವಾರ ಫಾದರ್, 'ಗುರು ಕಲಿಸುತ್ತಾನೆ' ಎಂಬುದನ್ನು ಹೇಳಿ ಎಂದರು. ಇವಳು ಬಹುವಚನದಲ್ಲಿ ಹೇಳಿದಳು. ಗುರು ಒಬ್ಬನೇ ಅಮ್ಮಾ, ಏಕವಚನ, ಎಂದು ತಿದ್ದಿದರು. ಇವಳು ಮತ್ತೆ ಬಹುವಚನವನ್ನೇ ಹೇಳಿದಳು.

"ಒಬ್ರೇ ಅದೀರಿ ಖರೆ. ಆದ್ರ ನಿಮಗ 'ಕಲಸ್ತಾನ' ಅಂತ ಹೆಂಗ ಅನ್ಲಿ? ಬಾಯಿ ಹೊಳ್ಳಂಗಿಲ್ರಿ."

"ಆ ಭಾಷೆಯಲ್ಲಿ ರಾಜನಿಗೂ ಅದೇ, ಆಳಿಗೂ ಅದೇ, ದೇವರಿಗೂ ಅದೇ."

ವಾರವಿಡೀ ಅವಳು ಅದನ್ನೇ ಯೋಚಿಸಿದಳು. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ದೇವರನ್ನು ತಾನು ನೀನು ಎಂದೇ ಮಾತಾಡಿಸುತ್ತೇನಲ್ಲ ಎಂಬುದು ಹೊಳೆಯಿತು. ಮುಂದಿನ ರವಿವಾರ ಕಣ್ಣು ಮುಚ್ಚಿಕೊಂಡು 'ದೊಚೆತ್' ಎಂದು ಏಕವಚನ ಹೇಳಿ, ಕೂಡಲೇ ಕೆನ್ನೆ ಮುಟ್ಟಿಕೊಂಡಳು.

ಪರೀಕ್ಷೆ ಬಂತು. ಬಂದದ್ದು ಎಂಥಾ ದಿನ! ಎಳ್ಳಮಾಸಿಯ ಹಿಂದಿನ ರವಿವಾರ. ಮರುದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಉಣ್ಣುವ ಹಬ್ಬ, ಕಾಳು ಸೊಪ್ಪಿನ ಭಜ್ಜಿಯ ಜೊತೆ ಸಜ್ಜಿ ರೊಟ್ಟಿ ಇಲ್ಲದೆ ನಡೆಯುವುದೇ ಇಲ್ಲ. ವರ್ಷದಲ್ಲಿ ಕೇಂದ್ರಕ್ಕೆ ಅಷ್ಟು ಗಿರಾಕಿ ಬೀಳುವ ದಿನ ಮತ್ತೊಂದಿಲ್ಲ. ಅವಳ ಸರದಿ ಹನ್ನೊಂದು ಗಂಟೆಗೆ.

"ಹೋಗ್ ಬೇ ನೀ," ಎಂದಳು ಗಂಗಾಬಾಯಿ. "ರೊಟ್ಟಿ ನಾವು ನೋಡ್ಕೋತೇವಿ. ಪಾಸಾಗಿ ಬಾ."

ಇಲ್ಲೇ ಶರಣಬಸಮ್ಮ ಒಂದು ತಪ್ಪು ಮಾಡಿದಳು. ಪರೀಕ್ಷೆಗೆ ಮರ್ಯಾದೆ ಕೊಡಬೇಕೆಂದು ಕೈ ತೊಳೆದು, ಇಳಕಲ್ ಸೀರೆಯುಟ್ಟು, ಅಲ್ತಾಫನ ಅಂಗಡಿಯ ಹಿಂದಿನ ಕೋಣೆಯಲ್ಲಿ ಔಷಧಿ ಡಬ್ಬಿಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಳು. ಸದ್ದಿಲ್ಲ, ಹೊಗೆಯಿಲ್ಲ, ಫ್ಯಾನು ಬೇರೆ. ಅಲ್ತಾಫ ಮೊಬೈಲ್ ಎದುರಿಗಿಟ್ಟು ಬಾಗಿಲು ಎಳೆದುಕೊಂಡು ಹೋದ.

"ತೆರ್ರ. ಚತುರ್ಥೀ ವಿಭಕ್ತಿ, ಬಹುವಚನ," ಎಂದರು ಫಾದರ್.

ಸಾವಿರ ಸಲ ಹೇಳಿದ ರೂಪ. ಬಾಯಿ ತೆರೆದಳು. ಏನೂ ಬರಲಿಲ್ಲ. ಕೈಗಳು ತೊಡೆಯ ಮೇಲೆ ರೇಶ್ಮೆ ಸೆರಗಿನ ಮೇಲೆ ತಣ್ಣಗೆ ಬಿದ್ದಿದ್ದವು. ತೆರ್ರಂ ಅಂದಳು, ತಪ್ಪಾಯಿತು. ಎರಡನೆಯದು ಹೇಗೋ ದಾಟಿತು. ಮೂರನೆಯದು ತಪ್ಪು, ನಾಲ್ಕನೆಯದೂ ತಪ್ಪು. ಐದನೆಯದು ಸರಿ. ಆರನೆಯದು ತಪ್ಪು. ಏಳನೆಯದೂ ತಪ್ಪು. ಏಳರಲ್ಲಿ ಐದು ಹೋದವು. ಇನ್ನೊಂದು ತಪ್ಪಿದರೆ ಮುಗಿಯಿತು, ಎರಡನೆಯ ಹಂತವಿಲ್ಲ, ರವಿವಾರವಿಲ್ಲ, ಫಾದರ್ ಇಲ್ಲ. ಏಳನೆಯ ಇಯತ್ತೆಯ ಕೊನೆಯ ದಿನ ಪಾಟಿ ತಿರುಗಿಸಿ ಕೊಟ್ಟು ಮನೆಗೆ ನಡೆದಾಗ ಎದೆಯಲ್ಲಿ ಏನು ಬಿದ್ದಿತ್ತೋ ಅದೇ ಮತ್ತೆ ಬಿತ್ತು.

"ಅಮ್ಮಾ, ಮೈ ಸರಿಯಿಲ್ಲವಾ?" ಎಂದು ಫಾದರ್ ಕೇಳಿದರು.

ಅವಳು ತನ್ನ ಅಂಗೈ ನೋಡಿಕೊಂಡಳು. ಚೊಕ್ಕವಾಗಿತ್ತು, ಒಂದು ಕಣ ಹಿಟ್ಟಿರಲಿಲ್ಲ. ಆಗ ಗೊತ್ತಾಯಿತು.

"ಫಾದರ್, ನಾ ಕಲ್ತದ್ದು ಇಲ್ಲಿಲ್ರಿ. ರೊಟ್ಟಿ ಬಡಿಯೂ ಬಂಡೆ ಮ್ಯಾಲ ಅದ."

"ಪರೀಕ್ಷೆಯ ಮಧ್ಯೆ ಎದ್ದು ಹೋಗುವ ಹಾಗಿಲ್ಲ ಅಮ್ಮಾ."

"ಎದ್ದು ಹೋಗಂಗಿಲ್ರಿ. ನಿಮ್ಮನ್ನೂ ಕರ್ಕೊಂಡೇ ಹೋಗ್ತೇನಿ!"

ಮೊಬೈಲ್ ಎತ್ತಿಕೊಂಡು, ಸೀರೆಯ ನಿರಿಗೆ ಒಂದು ಕೈಯಲ್ಲಿ ಹಿಡಿದು, ಅಲ್ತಾಫನ ಗಿರಾಕಿಗಳ ನಡುವೆ ನುಗ್ಗಿ ಅವಳು ರಸ್ತೆಗೆ ಬಂದಳು. ಮಂಗಳೂರಿನ ಫಾದರ್ ಆ ದಿನ ಜೇವರ್ಗಿಯ ಆಕಾಶ, ಒಂದು ಲಾರಿಯ ಹಿಂಭಾಗ, ಯಾರದೋ ಸೈಕಲ್ಲು, ರೊಟ್ಟಿಗೆ ಕಾದು ನಿಂತ ಮೂವತ್ತು ಜನರ ಗಲ್ಲ ಮೂಗು ಎಲ್ಲವನ್ನೂ ಒಂದೇ ಗುಕ್ಕಿನಲ್ಲಿ ನೋಡಿದರು. ಅಲ್ತಾಫ ಅಂಗಡಿ ಬಿಟ್ಟು ಹಿಂದೆಯೇ ಓಡಿದ. ಅವಳು ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿ, ತನ್ನ ಬಂಡೆಯ ಮುಂದೆ ಕೂತು, ಇಳಕಲ್ ಸೀರೆಯಲ್ಲಿಯೇ ಉಂಡೆ ಎಳೆದುಕೊಂಡಳು.

"ಎಂಟನೇದು ಕೇಳ್ರಿ!"

ಫಾದರ್ ಕೇಳಿದರು. ಬಡಿತ ಬಿತ್ತು, ಉತ್ತರ ಹಿಂದೆಯೇ ಬಂತು. ಒಂಬತ್ತನೆಯದೂ ಬಂತು. ಆದರೆ ಅದರ ಜೊತೆಗೆ ಹಿಂದಿನಿಂದ ಇನ್ನೂ ಆರು ಗಂಟಲು ಗುನುಗಿದವು. ನಾಲ್ಕು ತಿಂಗಳ ರೂಢಿ, ಕೈ ಬಡಿದರೆ ಬಾಯಿ ಆಡುತ್ತದೆ.

ಫಾದರರ ಮುಖ ಬಿಗಿಯಿತು. "ಯಾರೋ ಹೇಳಿಕೊಡ್ತಾ ಇದ್ದಾರೆ. ಹೀಗಾದರೆ ಪರೀಕ್ಷೆ ರದ್ದು ಮಾಡಬೇಕಾಗ್ತದೆ."

ಶರಣಬಸಮ್ಮ ಹಿಂತಿರುಗಿ ನೋಡಿದಳು. ಆರು ಹಂಚಿನ ಮೇಲೆ ಆರು ರೊಟ್ಟಿ ಬೇಯುತ್ತಿದ್ದವು, ಹೊರಗೆ ಮಂದಿ ಕಾದಿದ್ದರು, ವರ್ಷದ ದೊಡ್ಡ ವ್ಯಾಪಾರದ ದಿನ. ಅವಳು ಬಾಯಿ ತೆರೆಯುವ ಮೊದಲೇ ಗಂಗಾಬಾಯಿ ಎದ್ದಳು.

"ನಡೀರಿಬೇ ಎಲ್ಲಾರೂ ಹೊರಗ. ರೊಟ್ಟಿ ಸುಟ್ರ ಸುಡ್ಲಿ."

ಆರೂ ಮಂದಿ ಕೈ ಝಾಡಿಸಿ ಹೊರನಡೆದರು. ನಜಮುನ್ನಿಸಾ ಬಾಗಿಲಲ್ಲಿ ನಿಂತು ಗಿರಾಕಿಗಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. "ಚುಪ್ ನಿಂದರ್ರಿ. ಒಳಗ ಇಮ್ತೆಹಾನ್ ನಡದದ." ಹಾರ್ನ್ ಹೊಡೆಯುತ್ತ ಬಂದ ಟಂಟಂ ಒಂದನ್ನು ಮಲ್ಕಪ್ಪನೇ ಅಡ್ಡ ನಿಂತು ತಡೆದ. ಒಳಗೆ ಅವಳೊಬ್ಬಳೇ, ಎದುರಿಗೆ ಮೊಬೈಲು, ಹಂಚಿನ ಮೇಲೆ ಕರಕಲಾಗುತ್ತಿರುವ ಸಜ್ಜಿ ರೊಟ್ಟಿಯ ವಾಸನೆ.

"ಕೇಳ್ರಿ."

ಹತ್ತನೆಯದು ಸರಿ. ಹನ್ನೊಂದನೆಯದು ಸರಿ. ಹೊರಗೆ ಗಂಗಾಬಾಯಿ ಬೆರಳು ಮಡಚಿ ಎಣಿಸುತ್ತಿದ್ದಳು, ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ದೊಮಿನುಸ್ ಬಂದಾಗ ಮಲ್ಕಪ್ಪ ನೆಟ್ಟಗಾದ. ಹದಿನಾಲ್ಕನೆಯದೂ ಸರಿ. ಹದಿನೇಳಕ್ಕೆ ಒಂದು ಬಡಿತ ತಪ್ಪಿತು, ಉಂಡೆ ಹರಿಯಿತು. ಅವಳು ಅದನ್ನು ಬದಿಗಿಟ್ಟು ಹೊಸ ಉಂಡೆ ತೆಗೆದುಕೊಂಡು ಮೊದಲಿನಿಂದ ಬಡಿದಳು, ಸರಿಯಾದ ರೂಪ ಸಿಕ್ಕಿತು. ಫಾದರ್ ಕಾದರು. ಅವಸರ ಮಾಡಲಿಲ್ಲ. ಹತ್ತೊಂಬತ್ತೂ ಆಯಿತು.

"ಕೊನೆಯದು. ಪೂರ್ತಿ ವಾಕ್ಯ ಹೇಳಬೇಕು. ಹುಡುಗಿಯರು ನೆಲಕ್ಕೆ ನೀರು ಕೊಡುತ್ತಾರೆ."

ಅವಳು ಕಣ್ಣು ಮುಚ್ಚಿದಳು. ನಾಲ್ಕು ಪದ, ಒಂದೊಂದಕ್ಕೂ ಅದರದೇ ಬಾಲ ಹಚ್ಚಬೇಕು. ಹುಡುಗಿ ಎಂದು ಬಡಿದಳು, ಬಹುವಚನಕ್ಕೆ ಬಂದು ನಿಂತಳು. "ಪುಎಲ್ಲೆ." ನೆಲ, ಮೂರನೆಯ ಬಡಿತ. "ತೆರ್ರೆ." ನೀರು, ನಾಲ್ಕನೆಯದು. "ಆಕ್ವಂ." ಕೊಡುತ್ತೇನೆ, ಆರನೆಯದು, ಕಟ್ಟಕಡೆಯದು. ಬಡಿತ ಮುಗಿದಾಗ ಬಂಡೆಯ ಮೇಲೆ ಅಗಲವಾದ ರೊಟ್ಟಿಯಿತ್ತು.

"ದಂತ್!"

ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಒಟ್ಟು ಹದಿನೈದು ಸರಿ. ಅಮ್ಮಾ, ನೀವು ಎರಡನೇ ಹಂತಕ್ಕೆ ಬಂದ್ರಿ."

ಹೊರಗೆ ಎಂಥ ಕೂಗು ಎದ್ದಿತೆಂದರೆ ಎದುರಿನ ಗ್ಯಾರೇಜಿನವರು ಯಾರಿಗೆ ಏನಾಯಿತೋ ಎಂದು ಓಡಿ ಬಂದರು. ಗಂಗಾಬಾಯಿ ಸೆರಗು ಉಗುಳಿ ಒಳಗೆ ನುಗ್ಗಿದಳು. ನಜಮುನ್ನಿಸಾ ಅಳುತ್ತಿದ್ದಳು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಅಲ್ತಾಫ ಯಾರ ಕೈಗೋ ಯಾರ ಗುಳಿಗೆಯನ್ನೋ ಕೊಟ್ಟು ಬಂದಿದ್ದು ನೆನಪಾಗಿ ವಾಪಸ್ ಓಡಿದ. ಮಲ್ಕಪ್ಪ ಕಾದ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೂ, "ನಮ್ ಮನ್ಯಾಕಿ ಪಾಸಾದ್ಲು" ಎಂದು ಹೇಳುತ್ತ ಸಾಲಿನುದ್ದಕ್ಕೂ ನಡೆದ.

"ಅವರೆಲ್ಲ ಯಾರಮ್ಮಾ?" ಎಂದು ಫಾದರ್ ಗದ್ದಲದ ನಡುವೆ ಕೇಳಿದರು.

"ನನ್ನ ಗೆಳತೇರ್ರಿ. ನೀವು ಕಲಿಸಿದ್ದೆಲ್ಲ ಇವ್ರಿಗೂ ಬರ್ತದ. ಮುಂದಿನ ಪಾಠ ಯಾವಾಗ್ರಿ ಫಾದರ್?"

"ಎರಡು ತಿಂಗಳು ರಜೆ ಅಮ್ಮಾ. ಎಲ್ಲರೂ ದಣಿದಿದ್ದಾರೆ."

"ಎರಡು ತಿಂಗಳಾ!" ಶರಣಬಸಮ್ಮನ ಮುಖ ನೋಡಬೇಕಿತ್ತು. "ಅಲ್ಲೀತನಕ ನಾವೇನು ಬಡೀಬೇಕ್ರಿ? ಒಂದೇ ಒಂದು ಹೊಸ ಕ್ರಿಯಾಪದ ಕೊಟ್ಟು ಹೋಗ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

ಫಾದರ್ ನಕ್ಕರು. ಹದಿನಾರು ವಾರದಲ್ಲಿ ಅವರು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. "ನಲವತ್ತು ವರ್ಷ ಪಾಠ ಮಾಡಿದ್ದೇನೆ. ರಜೆ ಬೇಡ ಅಂತ ಜಗಳ ಆಡಿದವರು ನೀವೊಬ್ಬರೇ. ಬರೆದುಕೊಳ್ಳಿ. ಔದಿಒ. ಕೇಳುತ್ತೇನೆ ಅಂತ ಅರ್ಥ."

ಬರೆದುಕೊಳ್ಳಲು ಅಲ್ಲಿ ಪೆನ್ನೂ ಇರಲಿಲ್ಲ, ಹಾಳೆಯೂ ಇರಲಿಲ್ಲ. ಆರೂ ಮಂದಿ ತಮ್ಮ ತಮ್ಮ ಬಂಡೆಯ ಮುಂದೆ ಕೂತು ಸುಟ್ಟ ರೊಟ್ಟಿ ತೆಗೆದೆಸೆದು ಹೊಸ ಉಂಡೆ ಕಟ್ಟಿದರು. ಫಾದರ್ ಒಂದೊಂದೇ ರೂಪ ಹೇಳಿದರು, ಏಳು ಜೊತೆ ಕೈ ಒಟ್ಟಿಗೆ ಬಿದ್ದವು. ಔದಿಒ, ಔದಿಸ್, ಔದಿತ್, ಔದೀಮುಸ್, ಔದೀತಿಸ್, ಔದಿಯುಂತ್.

"ಔದೀಮುಸ್ ಅಂದ್ರ ಕೇಳ್ತೇವಿ ಅಂತ ಹೌದಲ್ರಿ ಅಜ್ಜಾರ?" ಎಂದು ಗಂಗಾಬಾಯಿ ಮೊಬೈಲಿನತ್ತ ಬಗ್ಗಿ ಕೇಳಿದಳು. ಅರವತ್ತೆರಡು ವರ್ಷದಲ್ಲಿ ಅವಳು ಒಬ್ಬ ಗುರುವಿಗೆ ಕೇಳಿದ ಮೊದಲ ಪ್ರಶ್ನೆ ಅದು.

"ಹೌದಮ್ಮಾ," ಎಂದರು ಫಾದರ್. "ಇನ್ನೂ ಕೇಳಿ."